ಮೂರೂವರೆ ಮಿಲಿಮೀಟರಿಗಿಂತ ತೆಳುವಾದ ಡಿಸ್ಕು

ಮೋಟಾರ್ ಸೈಕಲ್ಲಿನ ಬ್ರೇಕ್ ಡಿಸ್ಕು ಸವೆದಿದೆ, ಬೇರೆ ಹಾಕಬೇಕು ಎಂದ ಕೂಡಲೇ ಗಿರಾಕಿ ಕೇಳುವ ಪ್ರಶ್ನೆ ಒಂದೇ: ಲೋಕಲ್ ಮಾಲು ಹಾಕೋಣವೋ, ಕಂಪನಿದು ಹಾಕೋಣವೋ? ಈಗಷ್ಟೇ ಪಾನಾ, ಅಂದರೆ ಸ್ಪ್ಯಾನರ್, ಹಿಡಿಯಲು ಕಲಿಯುತ್ತಿರುವವರಿಗೆ ನಾನು ಹೇಳುವುದಿಷ್ಟು. ಉತ್ತರ ನಿಮ್ಮ ನಾಲಿಗೆಯ ತುದಿಯಲ್ಲೇ ಸಿದ್ಧವಾಗಿದ್ದರೆ ಸ್ವಲ್ಪ ತಡೆಯಿರಿ. ನನ್ನ ನಾಲಿಗೆಯ ತುದಿಯಲ್ಲೂ ಹಲವು ವರ್ಷ ಸಿದ್ಧವಾಗಿತ್ತು. ಅದರಿಂದ ಪೆಟ್ಟು ತಿಂದವಳು ಖಾನಾಪುರದ ಒಬ್ಬ ಹೆಣ್ಣುಮಗಳು.

ಆ ಪ್ರಸಂಗವನ್ನು ನಾನು ಚಹಾದಂಗಡಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆಕೆ ಬಿದ್ದಳು, ಗಾಡಿ ನನ್ನ ಗ್ಯಾರೇಜಿಗೆ ಬಂತು, ನಾನು ನೋಡಿದ ಕೂಡಲೇ ದೋಷ ಹಿಡಿದೆ, ಸರಿ ಮಾಡಿ ಕೊಟ್ಟೆ. ಒಂದು ಕಪ್ಪು ಚಹಾ ಮುಗಿಯುವುದರೊಳಗೆ ಕಥೆಯೂ ಮುಗಿಯುತ್ತಿತ್ತು, ಕೇಳಿದವರು ತಲೆದೂಗುತ್ತಿದ್ದರು. ಆದರೆ ಅದು ಹಾಗೆ ನಡೆಯಲಿಲ್ಲ. ಹೇಳುತ್ತಾ ಹೇಳುತ್ತಾ ನಾನೇ ಅದನ್ನು ಉಜ್ಜಿ ನಯ ಮಾಡಿದ್ದೆ. ಈಗ ಬರೆಯಲು ಕುಳಿತಾಗ ಅಳತೆಗೆ ಸಿಗುವುದನ್ನು ಅಳತೆಯಾಗಿಯೇ ಬರೆಯುತ್ತೇನೆ. ನೆನಪಿಲ್ಲದ ಕಡೆ ನೆನಪಿಲ್ಲ ಎನ್ನುತ್ತೇನೆ.

ನಾನು ಕೆಲಸ ಕಲಿತದ್ದು ಬೆಳಗಾವಿ ಕ್ಯಾಂಪಿನ ಒಂದು ದೊಡ್ಡ ವರ್ಕ್‌ಶಾಪಿನಲ್ಲಿ. ಆಗ ಎಲ್ಲ ಗಾಡಿಗಳಿಗೂ ಡ್ರಮ್ ಬ್ರೇಕು. ನಮ್ಮ ಫೋರ್‌ಮನ್ ಬಾಬುರಾಯರು ಬ್ರೇಕಿನ ಕೆಲಸ ಮುಗಿದ ಪ್ರತಿ ಗಾಡಿಯನ್ನೂ ತಾವೇ ಓಡಿಸಿ ಬಂದು, ಇಳಿದ ಕೂಡಲೇ ಚಕ್ರದ ನಡುವಿನ ಡ್ರಮ್ಮಿನ ಮೇಲೆ ಅಂಗೈ ಇಟ್ಟು ಮನಸ್ಸಿನಲ್ಲಿ ಹತ್ತು ಎಣಿಸುತ್ತಿದ್ದರು. ಎಣಿಸುವಷ್ಟು ಹೊತ್ತು ಕೈ ತಾಳಿದರೆ ಕೆಲಸ ಪಾಸು. ತಾಳದಿದ್ದರೆ ಬ್ರೇಕು ಒಳಗೆ ಹಿಡಿದುಕೊಂಡು ಕಾಯುತ್ತಿದೆ ಎಂದರ್ಥ, ಬಿಚ್ಚಿ ಮತ್ತೆ ಮಾಡಬೇಕು. ಅವರಿಗೆ ಮೀಟರು ಬೇಕಾಗಿರಲಿಲ್ಲ.

ಮೊದಲ ಡಿಸ್ಕ್ ಬ್ರೇಕಿನ ಗಾಡಿ ಬಂದ ದಿನ ಅವರು ಅದೇ ರೂಢಿಯಲ್ಲಿ ಓಡಿಸಿ ಬಂದು, ಇಳಿದು, ನಾವೆಲ್ಲ ನೋಡುತ್ತಿರುವಂತೆಯೇ ಡಿಸ್ಕಿನ ಮೇಲೆ ಬೆರಳಿಟ್ಟರು. ಮೂರು ಬೆರಳಿನ ತುದಿ ಸುಟ್ಟಿತು. ಯಾರೂ ನಗಲಿಲ್ಲ. ನಗು ತಡೆಯಲಾಗದ ಇಬ್ಬರು ಹಿಂದಿನ ಷೆಡ್ಡಿಗೆ ಹೋದರು, ಅವರಲ್ಲಿ ನಾನೊಬ್ಬ. ಮರುದಿನ ಬೆರಳಿಗೆ ಪಟ್ಟಿ ಸುತ್ತಿಕೊಂಡು ಬಂದು ಬಾಬುರಾಯರು ಅಂದದ್ದು ಇಷ್ಟೇ: ಡ್ರಮ್ಮು ಸಿಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ಇದು ಮುಖದ ಮೇಲೆ ತೋರಿಸುತ್ತದೆ. ಡಿಸ್ಕಿನ ಬಗ್ಗೆ ನಾನು ಕಲಿತ ಮೊದಲ ಪಾಠ ಅದು. ಕಲಿತೆ ಎಂದುಕೊಂಡಿದ್ದೆ.

ಮುಂದೆ ವಡಗಾವಿಯಲ್ಲಿ ನನ್ನದೇ ಗ್ಯಾರೇಜು ಹಾಕಿದೆ. ಎರಡೂ ಬಾಜು ಮಗ್ಗ. ಬೆಳಗಿನಿಂದ ಸಂಜೆವರೆಗೆ ಅವುಗಳ ಸದ್ದಿನಲ್ಲಿ ಇಂಜಿನ್ನಿನ ಸದ್ದು ಕೇಳುತ್ತಿರಲಿಲ್ಲ, ಅದಕ್ಕೇ ನಾನು ಕಿವಿಗಿಂತ ಕೈಯನ್ನು ಹೆಚ್ಚು ನಂಬಿದೆ. ಗಾಡಿ ಸರಿಯಾದ ಮೇಲೆ ಅನಗೋಳದವರೆಗೆ ಓಡಿಸಿ ತಿರುಗಿ ಬರುವುದು ನನ್ನ ಪರೀಕ್ಷೆ. ಅದು ಸಪಾಟು ರಸ್ತೆ. ಇದನ್ನು ಗಮನದಲ್ಲಿಡಿ, ನಾನು ಇಟ್ಟಿರಲಿಲ್ಲ.

ಲೋಕಲ್ ಮಾಲು ಎಂದರೆ ಕೆಟ್ಟದ್ದು ಎಂದು ಹೇಳುವವರಲ್ಲಿ ನಾನಿಲ್ಲ. ಅನಗೋಳದಲ್ಲಿ ಒಬ್ಬರು ಬೆಳಿಗ್ಗೆ ಪಾವ್ ಮಾರುತ್ತಿದ್ದರು. ಓಣಿ ಬಿಟ್ಟು ಹೊರಗೆ ಹೋಗದ ಗಾಡಿ, ಮೂವತ್ತರ ಮೇಲೆ ವೇಗವಿಲ್ಲ. ಅವರಿಗೆ ನಾನು ಹಾಕಿದ ಅಗ್ಗದ ಡಿಸ್ಕು ಗಾಡಿ ಇರುವವರೆಗೂ ನಡೆಯಿತು. ಅಲ್ಲಿ ದುಬಾರಿಯದನ್ನು ಹಾಕಿದ್ದರೆ ಅದು ನನ್ನ ಅಂಗಡಿಗೆ ಒಳ್ಳೆಯದು, ಅವರಿಗಲ್ಲ. ಅಗ್ಗದ ಡಿಸ್ಕಿನಲ್ಲಿ ನೋಡಬೇಕಾದದ್ದು ಮೂರು: ಬೋಲ್ಟಿನ ತೂತುಗಳು ನೇರ ಕೂರುತ್ತವೆಯೇ, ಸುತ್ತಲೂ ದಪ್ಪ ಒಂದೇ ಇದೆಯೇ, ಚಕ್ರಕ್ಕೆ ಹಾಕಿ ತಿರುಗಿಸಿದಾಗ ಅತ್ತಿತ್ತ ಓಲಾಡುತ್ತದೆಯೇ. ಓಲಾಟ ನೋಡಲು ಡಯಲ್ ಗೇಜು ಬೇಕು, ಕಣ್ಣು ಸಾಲದು. ಹತ್ತು ಅಗ್ಗದ ಡಿಸ್ಕಿನಲ್ಲಿ ಎಷ್ಟು ಪಾಸಾಗುತ್ತವೆ ಎಂದು ಕೇಳಬೇಡಿ. ಒಂದೊಂದು ಪೆಟ್ಟಿಗೆ ಒಂದೊಂದು ಥರ ಬರುತ್ತದೆ. ತೊಂದರೆ ಇರುವುದೇ ಅಲ್ಲಿ. ದುಬಾರಿ ಡಿಸ್ಕಿಗೆ ನಾವು ಕೊಡುವ ಹೆಚ್ಚಿನ ರೊಕ್ಕ ಬಹುಪಾಲು ಹೊಳಪಿಗೆ ಅಲ್ಲ, ನಾಳೆ ತಂದದ್ದೂ ಇವತ್ತಿನದರಂತೆಯೇ ಇರುತ್ತದೆ ಎಂಬ ಭರವಸೆಗೆ. ಆ ಭರವಸೆಯೂ ಪೆಟ್ಟಿಗೆಯ ಮೇಲಿನ ಚಿತ್ರದಿಂದ ಬರುವುದಿಲ್ಲ. ಕಂಪನಿಯ ಪೆಟ್ಟಿಗೆಯೊಳಗೆ ಲೋಕಲ್ ಮಾಲು ತುಂಬಿ ಕೊಟ್ಟವರನ್ನೂ ನೋಡಿದ್ದೇನೆ. ಅದಕ್ಕೇ ಎರಡನ್ನೂ ಅಳೆಯಿರಿ.

ದುಬಾರಿಯದನ್ನು ಹಾಕಿಯೂ ನಾನು ಮರ್ಯಾದೆ ಕಳೆದುಕೊಂಡದ್ದಿದೆ. ಕೋಟೆಯ ಕಡೆಯ ಒಬ್ಬ ತರುಣ ಅಂಚಿನಲ್ಲಿ ಹೂವಿನ ಎಸಳಿನಂಥ ಕಡಿತವಿರುವ ಚೆಂದದ ಡಿಸ್ಕು ತರಿಸಿದ. ಹೊಸ ಡಿಸ್ಕಿಗೆ ತುಕ್ಕು ಹಿಡಿಯದಿರಲೆಂದು ಎಣ್ಣೆ ಸವರಿರುತ್ತಾರೆ. ಅದನ್ನು ಒರೆಸಬೇಕು. ನಾನು ಅದರ ಚೆಂದ ನೋಡುತ್ತಾ ಒರೆಸುವುದನ್ನೇ ಮರೆತೆ. ಮೇಲಿಂದ ಹಳೆಯ ಪ್ಯಾಡುಗಳನ್ನೇ ಬಿಟ್ಟೆ. ಕೋಟೆಯ ಮುಂದಿನ ತಿರುವಿನಲ್ಲಿ ಗಾಡಿ ತಿರುಗುವ ಬದಲು ನೇರ ಹೋಗಿ ಕಬ್ಬಿನ ಹಾಲಿನ ಗಾಡಿಯ ಪಕ್ಕ ನಿಂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಆತ ಗಾಡಿ ನೂಕಿಕೊಂಡು ಬಂದು, "ಮಾಮಾ, ಇಷ್ಟ ರೊಕ್ಕಾ ತಗೊಂಡು ಇದ್ದ ಬ್ರೇಕೂ ತಗದ್ರೆಲ್ಲಾ" ಎಂದ. ಅಂದಿನಿಂದ ಹೊಸ ಡಿಸ್ಕು ಎಂದರೆ ಹೊಸ ಪ್ಯಾಡು, ಹೊಸ ಬೋಲ್ಟು, ಒಣ ಬಟ್ಟೆಯಲ್ಲಿ ಒರೆಸಿದ ಮೈ. ಈ ತಪ್ಪನ್ನು ನಗುತ್ತಾ ಹೇಳಬಲ್ಲೆ. ಇನ್ನೊಂದನ್ನು ಹಾಗೆ ಹೇಳಲು ಬರುವುದಿಲ್ಲ.

ಬೆಳಗಾವಿಯ ಮಿಸ್ತ್ರಿಗಳಿಗೆ ಒಂದು ಜಂಬವಿದೆ. ಊರಿನ ಅಂಚಿಗೇ ಉದ್ಯಮಬಾಗ. ಅಲ್ಲಿ ಕಬ್ಬಿಣ ಎರಕ ಹೊಯ್ಯುವವರು, ಲೇಥಿನಲ್ಲಿ ಕೂದಲಿನಷ್ಟು ಸೂಕ್ಷ್ಮ ಕತ್ತರಿಸುವವರು, ಗ್ರೈಂಡಿಂಗ್ ಮಾಡಿ ಲೋಹವನ್ನು ಕನ್ನಡಿ ಮಾಡುವವರು ಓಣಿಗೊಬ್ಬರು. ಬೇರೆ ಊರಿನವರು ಸವೆದ ಭಾಗವನ್ನು ಎಸೆಯುತ್ತಾರೆ, ನಾವು ಉದ್ಯಮಬಾಗಕ್ಕೆ ಒಯ್ಯುತ್ತೇವೆ. ಅಲ್ಲಿ ಸರಿಯಾಗದ್ದು ಯಾವುದೂ ಇಲ್ಲ ಎಂದು ನಾವೆಲ್ಲ ನಂಬಿದ್ದೆವು. ಗಿರಾಕಿಯ ರೊಕ್ಕ ಉಳಿಸುವುದೇ ಒಳ್ಳೆಯ ಮಿಸ್ತ್ರಿಯ ಲಕ್ಷಣ ಎಂಬುದೂ ಆ ನಂಬಿಕೆಯ ಜೊತೆಗೇ ಇತ್ತು. ಈ ಎರಡೂ ಸೇರಿ ನನ್ನನ್ನು ಕುರುಡ ಮಾಡಿದವು.

ಮಂದಾ ಎಂಬವಳು ಖಾನಾಪುರದವಳು, ಆಗ ಮೂವತ್ತೈದರ ಆಸುಪಾಸು. ಕಾಡಂಚಿನ ಹಳ್ಳಿಗಳಿಗೆ ಹೋಗಿ ದನಗಳಿಗೆ ಲಸಿಕೆ ಹಾಕುವ ಗುತ್ತಿಗೆ ಕೆಲಸ. ಗಾಡಿಯ ಹಿಂದೆ ಲಸಿಕೆ ತಣ್ಣಗಿಡುವ ಬರ್ಫದ ಡಬ್ಬಿ ಕಟ್ಟಿಕೊಂಡು ಕಣಕುಂಬಿಯ ಕಡೆ ಕಾಡಿನೊಳಗೆ ಇಳಿಯುವ ಘಾಟಿನಲ್ಲಿ ವಾರಕ್ಕೆ ನಾಲ್ಕು ದಿನ ಓಡಾಡುತ್ತಿದ್ದಳು. ಸ್ವಂತ ಗಾಡಿ ಇದ್ದವರಿಗಷ್ಟೇ ಆ ಕೆಲಸ. ಗಂಡ ಲಾರಿ ಡ್ರೈವರ್, ಊರಲ್ಲಿ ಇರುವುದು ಕಡಿಮೆ. ಮನೆಯಲ್ಲಿ ಗಂಡನ ಅಣ್ಣ ದತ್ತೋಬಾರದೇ ಮಾತು. ಅವರು ಖಾನಾಪುರದಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಮನೆಯ ಹೆಣ್ಣುಮಗಳು ಗೇರಿನ ಗಾಡಿ ಓಡಿಸುವುದು ಅವರಿಗೆ ಮೊದಲಿನಿಂದಲೂ ಸೇರಿರಲಿಲ್ಲ.

ಬ್ರೇಕು ಹಿಡಿದಾಗ ಲಿವರು ಬೆರಳಿನ ಕೆಳಗೆ ಮಿಡಿಯುತ್ತದೆ ಎಂದು ಆಕೆ ಗಾಡಿ ತಂದಿದ್ದಳು. ಡಿಸ್ಕು ಸ್ವಲ್ಪ ಸೊಟ್ಟಗಾಗಿತ್ತು. ದಪ್ಪ ಅಳೆದೆ, ಮೂರು ಪಾಯಿಂಟ್ ಏಳು. ಹೊಸದು ನಾಲ್ಕು ಮಿಲಿಮೀಟರ್ ಇರುತ್ತದೆ. ಮೂರೂವರೆಗಿಂತ ತೆಳುವಾದರೆ ಬಳಸಬೇಡಿ ಎಂದು ಡಿಸ್ಕಿನ ಮೇಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಮಂದಾ ಮೊದಲೇ ವಿಚಾರ ಮಾಡಿಕೊಂಡು ಬಂದಿದ್ದಳು. ಕಂಪನಿದೇ ಹಾಕಿರಿ, ಅದಕ್ಕೆಂದೇ ರೊಕ್ಕ ತಂದಿದ್ದೇನೆ ಎಂದಳು. ಇಲ್ಲಿ ನನ್ನ ನೆನಪು ಸ್ಪಷ್ಟವಾಗಿದೆ, ಬೇಡವೆಂದರೂ ಸ್ಪಷ್ಟವಾಗಿದೆ. ನಾನು ನಕ್ಕೆ. ಲೋಕಲ್ಲೂ ಬೇಡ, ಕಂಪನಿದೂ ಬೇಡ, ಇದನ್ನೇ ಉದ್ಯಮಬಾಗದಲ್ಲಿ ಉಜ್ಜಿಸಿ ಸಪಾಟು ಮಾಡಿಸುತ್ತೇನೆ ಎಂದೆ. ಆಕೆ ಎರಡನೆಯ ಸಲ ಕೇಳಿದಳು. ನಾನು ಎರಡನೆಯ ಸಲವೂ ಅದನ್ನೇ ಹೇಳಿದೆ.

ಇಸ್ಮಾಯಿಲ್ ಭಾಯಿ ಉದ್ಯಮಬಾಗದಲ್ಲಿ ಗ್ರೈಂಡಿಂಗ್ ಯಂತ್ರ ಇಟ್ಟವನು, ನನ್ನ ಹಳೆಯ ದೋಸ್ತ. ಅಯಸ್ಕಾಂತದ ಹಾಸಿನ ಮೇಲೆ ಡಿಸ್ಕು ಕೂರಿಸಿ ಯಂತ್ರ ಹಚ್ಚಿದ. ಒಂದು ಮಗ್ಗುಲು ಮುಗಿಸಿ ತಿರುವಿ ಹಾಕುವಾಗ ಕೈ ನಿಲ್ಲಿಸಿದ.

"ಮಿಸ್ತ್ರಿ, ಇದರ ಮ್ಯಾಲ ಏನೋ ಬರದಾರ. ಇನ್ನ ತಗದ್ರ ಅಕ್ಷರ ಹೋಗ್ತಾವ ನೋಡ್ರಿ."

"ಹೋಗಲಿ ಬಿಡಪಾ. ಅಕ್ಷರದಿಂದ ಬ್ರೇಕ್ ಹತ್ತೂದಿಲ್ಲ," ಎಂದೆ.

ಮೂರೂವರೆ ಎಂಬ ಎಚ್ಚರಿಕೆಯನ್ನು ಹಾಗೆ ನಾನೇ ನಿಂತು ಅಳಿಸಿದೆ. ಮುಗಿದಾಗ ದಪ್ಪ ಮೂರು ಪಾಯಿಂಟ್ ಎರಡೋ ಒಂದೋ ಇದ್ದಿರಬೇಕು. ಅಂದು ನಾನು ಅಳೆಯಲಿಲ್ಲ. ಕನ್ನಡಿಯಂತೆ ಹೊಳೆಯುತ್ತಿತ್ತು, ಅಷ್ಟೇ ಸಾಕಾಯಿತು.

ಇಷ್ಟೇ ಅಲ್ಲ. ಸೊಟ್ಟಗಿರುವ ತೆಳು ತಗಡನ್ನು ಅಯಸ್ಕಾಂತ ತನ್ನ ಕಡೆಗೆ ಎಳೆದು ಸಪಾಟಾಗಿ ಹಿಡಿದುಕೊಳ್ಳುತ್ತದೆ. ಉಜ್ಜುವಾಗ ಸಪಾಟು, ಬಿಟ್ಟ ಕೂಡಲೇ ಮತ್ತೆ ತನ್ನ ಸೊಟ್ಟಿಗೆ ತಿರುಗುತ್ತದೆ. ಅಂದರೆ ನಾನು ಸೊಟ್ಟ ತೆಗೆಸಿರಲಿಲ್ಲ, ದಪ್ಪವನ್ನಷ್ಟೇ ತೆಗೆಸಿದ್ದೆ. ಸೊಟ್ಟ ಡಿಸ್ಕು ಓಡುವಾಗೆಲ್ಲ ಪ್ಯಾಡಿಗೆ ಉಜ್ಜಿಕೊಂಡು ಕಾಯುತ್ತದೆ, ತೆಳುವಾದದ್ದು ಇನ್ನೂ ಬೇಗ ಕಾಯುತ್ತದೆ. ಆ ಕಾವು ಬ್ರೇಕ್ ಆಯಿಲ್‌ಗೆ ಇಳಿಯುತ್ತದೆ. ಆಯಿಲ್ ಹಳೆಯದಾಗಿ ನೀರು ಹೀರಿಕೊಂಡಿದ್ದರೆ ಕುದಿಯುತ್ತದೆ, ಗುಳ್ಳೆ ಏಳುತ್ತದೆ. ಆಮೇಲೆ ಲಿವರು ಎಷ್ಟು ಹಿಡಿದರೂ ಗುಳ್ಳೆ ಅಮುಕುತ್ತದೆಯೇ ಹೊರತು ಬ್ರೇಕು ಹಿಡಿಯುವುದಿಲ್ಲ. ಮಂದಾಳ ಗಾಡಿಯ ಆಯಿಲ್ ಎರಡು ಮಳೆಗಾಲ ಹಳೆಯದು. ಅದನ್ನೂ ನಾನು ಬದಲಿಸಿರಲಿಲ್ಲ. ಅನಗೋಳದವರೆಗೆ ಓಡಿಸಿ ಬಂದೆ, ದಪ್ಪ ಸುತ್ತಲೂ ಒಂದೇ ಆಗಿದ್ದರಿಂದ ಮಿಡಿತ ನಿಂತಿತ್ತು, ಬ್ರೇಕು ಬೆಣ್ಣೆಯಂತಿತ್ತು. ಸಪಾಟು ರಸ್ತೆಯಲ್ಲಿ ಅದು ಕಾಯುವುದಾದರೂ ಯಾವಾಗ?

ಮೂರನೆಯ ವಾರ ಮಂದಾ ಘಾಟಿನಲ್ಲಿ ಬಿದ್ದಳು. ಅರ್ಧ ಇಳಿದಾಗ ಮುಂದಿನ ಬ್ರೇಕು ಹೋಯಿತು, ಹಿಂದಿನದೊಂದೇ ಆ ಇಳುಕಲಿಗೆ ಸಾಲಲಿಲ್ಲ. ತಿರುವಿನಲ್ಲಿ ಕಣಿವೆಯ ಕಡೆ ಹೋಗುವ ಬದಲು ಗಾಡಿಯನ್ನು ಗುಡ್ಡದ ಕೆಮ್ಮಣ್ಣಿಗೆ ತಾನೇ ಗುದ್ದಿಸಿದಳು. ಕೊರಳ ಕೆಳಗಿನ ಎಲುಬು ಮುರಿಯಿತು. ಗಾಡಿ ಹತ್ತು ದಿನದ ಮೇಲೆ ಟೆಂಪೋದಲ್ಲಿ ನನ್ನ ಗ್ಯಾರೇಜಿಗೆ ಬಂತು. ಜೊತೆಗೆ ದತ್ತೋಬಾ ಬಂದಿದ್ದರು.

ನಾನು ಲಿವರು ಹಿಡಿದು ನೋಡಿದೆ. ಕಲ್ಲಿನಂತೆ ಗಟ್ಟಿ. ತಣ್ಣಗಾದ ಆಯಿಲ್‌ನಲ್ಲಿ ಗುಳ್ಳೆ ಇರುವುದಿಲ್ಲ, ಸಾಕ್ಷಿ ತಾನಾಗಿಯೇ ಅಳಿದುಹೋಗಿರುತ್ತದೆ. ಗಾಡಿಯಲ್ಲಿ ಏನೂ ದೋಷವಿಲ್ಲ ಎಂದೆ. ದತ್ತೋಬಾಗೆ ಬೇಕಾದದ್ದೂ ಅದೇ. ಆಕೆಯ ಕೈಯೇ ಹಾಗೆ, ಗಾಬರಿಯಲ್ಲಿ ಏನು ಹಿಡಿದಳೋ ಏನು ಬಿಟ್ಟಳೋ ಎಂದರು. ಹ್ಯಾಂಡಲ್ ನೇರ ಮಾಡಿ ಒಬ್ಬ ಗಿರಾಕಿಯನ್ನು ನೋಡಿ, ಗಾಡಿ ಮಾರಿಬಿಡೋಣ ಎಂದರು.

ಅವರು ಹೋದ ಮೇಲೆ ಚಕ್ರ ಬಿಚ್ಚಿದೆ. ಚಹಾದಂಗಡಿಯಲ್ಲಿ ಹೇಳುವಾಗ ಈ ಭಾಗವನ್ನು ಯಾವಾಗಲೂ ಹಾರಿಸುತ್ತಿದ್ದೆ. ಡಿಸ್ಕಿನ ಸುತ್ತ ನವಿಲಿನ ಕೊರಳಿನಂಥ ನೀಲಿ ಪಟ್ಟಿ ಬಂದಿತ್ತು. ಉಕ್ಕು ವಿಪರೀತ ಕಾದರೆ ಮಾತ್ರ ಬರುವ ಬಣ್ಣ ಅದು. ಮೈಕ್ರೋಮೀಟರ್ ಹಚ್ಚಿದೆ, ಮೂರು ಪಾಯಿಂಟ್ ಒಂದು. ಅಂದರೆ ಆ ಕ್ಷಣವೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಹ್ಯಾಂಡಲ್ ನೇರ ಮಾಡಿದೆ, ಮಡ್‌ಗಾರ್ಡ್ ಬದಲಿಸಿದೆ, ಚಕ್ರವನ್ನು ಇದ್ದಂತೆಯೇ ಕೂರಿಸಿದೆ.

ಒಂದೆರಡು ದಿನದಲ್ಲಿ ಮಂದಾಳ ಫೋನ್ ಬಂತು. ದನಿ ಸಣ್ಣಗಿತ್ತು. ಲಿವರು ಪೂರಾ ಹ್ಯಾಂಡಲಿಗೆ ತಾಗಿತ್ತು, ಗಾಡಿಯಲ್ಲಿ ಏನಾದರೂ ಇತ್ತೇ ಎಂದು ಕೇಳಿದಳು. ಮನೆಯಲ್ಲಿ ಯಾರೂ ನಂಬುತ್ತಿಲ್ಲ, ಹೀಗೇ ಆದರೆ ತನಗೇ ತನ್ನ ಮೇಲೆ ನಂಬಿಕೆ ಹೋಗುತ್ತದೆ ಎಂದಳು. ಮುಂದಿನ ತಿಂಗಳ ಮೊದಲ ವಾರದೊಳಗೆ ಕೆಲಸಕ್ಕೆ ಬರದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇವೆ ಎಂದು ಆಫೀಸಿನವರು ಹೇಳಿದ್ದರಂತೆ. ಗಾಡಿ ಹೋದರೆ ಕೆಲಸವೂ ಹೋದಂತೆ.

"ಹೆದರಿದಾಗ ಹಂಗ ಅನಸ್ತೈತಿ ಯವ್ವಾ," ಎಂದೆ ನಾನು.

ಆಕೆ ಫೋನ್ ಇಟ್ಟಳು.

ಆಮೇಲೆ ಎಷ್ಟು ದಿನ ನಾನು ಸುಮ್ಮನಿದ್ದೆ? ಕಥೆಯಲ್ಲಿ ಎರಡು ದಿನದಲ್ಲಿ ಗಾಡಿ ಸರಿ ಮಾಡಿ ಕೊಟ್ಟೆ ಎನ್ನುತ್ತಿದ್ದೆ. ಖರೇ ಹೇಳಬೇಕೆಂದರೆ ಇಪ್ಪತ್ತರ ಮೇಲೆಯೇ. ಅಷ್ಟು ದಿನದಲ್ಲಿ ಬೇರೆ ಗಾಡಿಗಳನ್ನು ಸರಿ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಮಂದಾಳ ಗಾಡಿ ಗೋಡೆಗೆ ಒರಗಿ ನಿಂತಿತ್ತು. ಒಬ್ಬ ಗಿರಾಕಿಯೂ ಸಿಕ್ಕಿದ, ಭಾನುವಾರ ಬಂದು ಒಯ್ಯುತ್ತೇನೆ ಎಂದ. ಆತನ ಮಗಳು ಕಾಲೇಜಿಗೆ ಹೋಗಲು ಓಡಿಸುತ್ತಾಳಂತೆ. ತಪ್ಪೊಪ್ಪಿಕೊಳ್ಳಬೇಕೆಂಬ ದೊಡ್ಡ ಮನಸ್ಸು ಬಂತು ಎಂದು ಬರೆದರೆ ಸುಳ್ಳಾಗುತ್ತದೆ. ಇನ್ನೊಬ್ಬರು ಬೀಳುತ್ತಾರೆ ಎಂಬ ಭಯ ಬಂತು.

ಆದರೂ ನನ್ನೊಳಗಿನ ಮಿಸ್ತ್ರಿ ಪುರಾವೆ ಕೇಳಿದ. ಮರುದಿನ ಬೆಳಿಗ್ಗೆ ಗಾಡಿ ತೆಗೆದುಕೊಂಡು ನಾನೇ ಆ ಘಾಟಿಗೆ ಹೋದೆ. ಮೊದಲನೆಯ ಗೇರಿನಲ್ಲಿ, ನಡೆಯುವವರ ವೇಗದಲ್ಲಿ, ಹಿಂದಿನ ಡ್ರಮ್ ಬ್ರೇಕಿನ ಮೇಲೆ ಕಾಲು ಇಟ್ಟುಕೊಂಡೇ ಮುಂದಿನ ಬ್ರೇಕನ್ನು ಹಿಡಿಯುತ್ತಾ ಇಳಿದೆ. ಮೂರು ತಿರುವಿನವರೆಗೆ ಏನೂ ಇಲ್ಲ. ನಾಲ್ಕನೆಯದರ ಹತ್ತಿರ ಸುಟ್ಟ ವಾಸನೆ ಬಂತು. ಮುಂದೆ ಲಿವರು ನನ್ನ ಬೆರಳಿನೊಳಗೆ ಕರಗಿದಂತಾಗಿ ಹ್ಯಾಂಡಲಿಗೆ ಹೋಗಿ ತಾಗಿತು. ಆಕೆ ಹೇಳಿದಂತೆಯೇ. ಹಿಂದಿನ ಬ್ರೇಕಿನಲ್ಲಿ ಗಾಡಿ ನಿಲ್ಲಿಸಿ ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತೆ. ಅರ್ಧ ಗಂಟೆ ಬಿಟ್ಟು ಹಿಡಿದು ನೋಡಿದೆ, ಲಿವರು ಮತ್ತೆ ಕಲ್ಲಿನಂತೆ ಗಟ್ಟಿಯಾಗಿತ್ತು. ಏನೂ ನಡೆದೇ ಇಲ್ಲ ಎನ್ನುವಂತೆ.

ಭಾನುವಾರ ಬರುವವನಿಗೆ ಗಾಡಿ ಮಾರುವುದಿಲ್ಲ ಎಂದು ಹೇಳಿಬಿಟ್ಟೆ. ಗಾಡಿಯನ್ನು ಟೆಂಪೋದಲ್ಲಿ ಹಾಕಿಸಿಕೊಂಡು ಖಾನಾಪುರಕ್ಕೆ ಹೋದೆ. ಚೀಲದಲ್ಲಿ ಅಳೆದು ಆರಿಸಿದ ಎರಡು ಹೊಸ ಡಿಸ್ಕು, ಒಂದು ಲೋಕಲ್, ಒಂದು ಕಂಪನಿದು. ಪ್ಯಾಡು, ಬೋಲ್ಟು, ಬ್ರೇಕ್ ಆಯಿಲ್, ಮೈಕ್ರೋಮೀಟರ್ ಜೊತೆಗಿದ್ದವು. ದತ್ತೋಬಾ ಅಂಗಡಿಯಲ್ಲಿ ಕುಳಿತಿದ್ದರು. ಮಂದಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು. ಕೈಗೆ ಕಟ್ಟಿದ್ದ ಜೋಳಿಗೆಯನ್ನು ಬಿಚ್ಚಿದ್ದಳು. ಎಲುಬು ಕೂಡಿದೆ, ಡಾಕ್ಟರು ಗಾಡಿ ಓಡಿಸಬಹುದು ಎಂದಿದ್ದಾರೆ ಎಂದಳು.

ನಾನು ಹಳೆಯ ಡಿಸ್ಕನ್ನು ಬಿಚ್ಚಿ ತಕ್ಕಡಿಯ ಪಕ್ಕ ಇಟ್ಟು, ಅಳೆದು ತೋರಿಸಿ, ಉದ್ಯಮಬಾಗದಿಂದ ಘಾಟಿನವರೆಗೆ ಎಲ್ಲವನ್ನೂ ಹೇಳಿದೆ. ದತ್ತೋಬಾ ಡಿಸ್ಕನ್ನು ಕೈಯಲ್ಲಿ ತಿರುವಿ ನೋಡಿದರು.

"ಮಿಸ್ತ್ರಿ, ಗಿರಾಕಿ ಕುದುರಿದ ಮ್ಯಾಲ ಈ ಕಥಿ ಯಾಕ? ಈಕಿಗಿ ಸಮಾಧಾನ ಆಗಲೆಂತ ಹೇಳಾಕ ಹತ್ತೀರೇನು?"

ನಾನು ಬಾಯಿ ತೆರೆಯುವ ಮೊದಲೇ ಮಂದಾ ಮಾತಾಡಿದಳು.

"ಕಾಕಾ, ಫೋನಿನ್ಯಾಗ ನನಗ ಏನಂದಿದ್ರಿ? ನೆನಪೈತಿ?"

"ಐತಿ."

"ಅದನ್ನ ಇವರ ಮುಂದ ಅನ್ರಿ."

"ಹೆದರಿದಾಗ ಹಂಗ ಅನಸ್ತೈತಿ ಅಂದಿದ್ದೆ."

"ಈಗ ಏನಂತೀರಿ?"

"ಅದು ಸುಳ್ಳು ಅಂತೀನಿ. ಲಿವರ್ ಹ್ಯಾಂಡಲಿಗಿ ತಾಗಿತ್ತು. ನಿನ್ನ ಕೈದು ಏನೂ ತಪ್ಪಿಲ್ಲ. ತಪ್ಪು ನಂದು. ಆವತ್ತ ಡಿಸ್ಕ್ ನೋಡಿದಾಗನ ನನಗ ಗೊತ್ತಾಗಿತ್ತು."

ಕಡೆಯ ಮಾತು ಹೇಳಬೇಕೆಂದು ನಾನು ಮೊದಲು ಅಂದುಕೊಂಡಿರಲಿಲ್ಲ. ಬಂದುಬಿಟ್ಟಿತು. ಮಂದಾ ಅತ್ತಳು ಎಂದು ನನ್ನ ಚಹಾದಂಗಡಿಯ ಕಥೆಯಲ್ಲಿ ಇತ್ತು. ಆಕೆ ಅಳಲಿಲ್ಲ. ಮುಖ ತಿರುಗಿಸಿ ಭಾವನನ್ನು ನೋಡಿದಳು, ಅಷ್ಟೇ. ದತ್ತೋಬಾ ಡಿಸ್ಕನ್ನು ಕೆಳಗಿಟ್ಟು, ಬಂದ ಗಿರಾಕಿಯೊಬ್ಬರಿಗೆ ಸಕ್ಕರೆ ತೂಗಲು ಹತ್ತಿದರು.

ಆಮೇಲೆ ಆಕೆ ಎರಡೂ ಹೊಸ ಡಿಸ್ಕುಗಳನ್ನು ಕೈಗೆ ತೆಗೆದುಕೊಂಡಳು. ಯಾವುದು ಹಾಕುತ್ತೀರಿ ಎಂದು ಕೇಳಿದಳು. ಈ ಸಲ ನಾನು ಉತ್ತರ ಕೊಡುವ ಮೊದಲು ಕೇಳಿದೆ. ವಾರಕ್ಕೆ ಎಷ್ಟು ಸಲ ಘಾಟು ಇಳಿಯುತ್ತೀ, ಡಬ್ಬಿಯ ಭಾರ ಎಷ್ಟು, ಹಿಂದೆ ಯಾರಾದರೂ ಕೂರುತ್ತಾರೆಯೇ, ಮಳೆಗಾಲದಲ್ಲೂ ಹೋಗುತ್ತೀಯಾ. ಎಲ್ಲವನ್ನೂ ಹೇಳಿದಳು. ಪೇಟೆಯೊಳಗಷ್ಟೇ ಓಡುವುದಾದರೆ ಈ ಲೋಕಲ್ಲೂ ನಡೆಯುತ್ತದೆ, ಇದನ್ನು ನಾನು ಅಳೆದಿದ್ದೇನೆ, ಆದರೆ ಎಷ್ಟು ಕಾವು ತಾಳುತ್ತದೆ ಎಂದು ಅಳೆಯುವ ಸಾಧನ ನನ್ನ ಹತ್ತಿರ ಇಲ್ಲ, ನಿನ್ನ ದಾರಿಗೆ ಕಂಪನಿದೇ ಬೇಕು ಎಂದೆ.

"ಅವತ್ತೂ ನಾ ಅದನ್ನ ಕೇಳಿದ್ದೆ," ಎಂದಳು.

ಹೌದು ಎಂದೆ. ಇದು ನನ್ನ ಕಡೆಯಿಂದ ಎಂದೆ. ಬೇಡ ಎನ್ನಲಿಲ್ಲ, ಉಪಕಾರವಾಯಿತು ಎಂದೂ ಅನ್ನಲಿಲ್ಲ.

ಅಂಗಡಿಯ ಮುಂದೆಯೇ ಕೆಲಸಕ್ಕೆ ಕುಳಿತೆ. ಮಂದಾ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಪ್ರತಿಯೊಂದನ್ನೂ ನೋಡಿದಳು. ಡಿಸ್ಕಿನ ಎಣ್ಣೆ ಒರೆಸಿದ್ದು ಆಕೆಯೇ. ಮೈಕ್ರೋಮೀಟರ್ ಕೇಳಿ ಇಸಿದುಕೊಂಡು ಐದು ಜಾಗದಲ್ಲಿ ಅಳೆದಳು, ನಾಲ್ಕು, ನಾಲ್ಕು, ನಾಲ್ಕು ಎಂದು ಓದಿದಳು. ಬೋಲ್ಟುಗಳನ್ನು ಒಂದರ ಎದುರಿಗೊಂದು ಬಿಗಿಯಬೇಕು, ಸಾಲಾಗಿ ಅಲ್ಲ ಎಂದು ತೋರಿಸಿದೆ. ಹಳೆಯ ಬ್ರೇಕ್ ಆಯಿಲ್ ತೆಗೆದಾಗ ಚಹಾದ ಬಣ್ಣಕ್ಕೆ ತಿರುಗಿತ್ತು. ಹೊಸದು ತುಂಬಿ ಗಾಳಿ ತೆಗೆದೆ. ಹೊಸ ಡಿಸ್ಕು, ಹೊಸ ಪ್ಯಾಡು ಒಂದಕ್ಕೊಂದು ಒಗ್ಗುವವರೆಗೆ ಜೋರಾಗಿ ಹಿಡಿಯಬಾರದು. ಅದಕ್ಕೆ ಜಾಂಬೋಟಿಯ ರಸ್ತೆಯ ಸಪಾಟು ಭಾಗದಲ್ಲಿ ವೇಗ ತೆಗೆದುಕೊಂಡು ಮೆಲ್ಲಗೆ ನಿಲ್ಲಿಸುವುದನ್ನು ಇಪ್ಪತ್ತು ಮೂವತ್ತು ಸಲ ಮಾಡಿ ಬಂದೆ.

ಮುಂದಿನ ಪ್ರಶ್ನೆ ದತ್ತೋಬಾ ಕೇಳಿದರು. ಎಲ್ಲ ಸರಿ, ಆದರೆ ಘಾಟಿನಲ್ಲಿ ಮೊದಲು ಇಳಿಯುವವರು ಯಾರು? ನಾನೇ ಎಂದು ಹೇಳಬೇಕೆಂದಿದ್ದೆ.

"ನಾ ಇಳೀತೀನಿ," ಎಂದಳು ಮಂದಾ. "ಕಾಕಾ ಹಿಂದ ಕುಂದರ್ತಾರ."

ಮರುದಿನ ಬೆಳಿಗ್ಗೆ ಬರ್ಫದ ಡಬ್ಬಿಯನ್ನು ಟ್ಯಾಂಕಿನ ಮೇಲೆ ಕಟ್ಟಿ, ನನ್ನನ್ನು ಹಿಂದೆ ಕೂರಿಸಿಕೊಂಡು ಹೊರಟಳು. ಎಷ್ಟೋ ಸಾವಿರ ಬ್ರೇಕು ಮಾಡಿದ್ದೇನೆ, ನಾನು ಮಾಡಿದ ಬ್ರೇಕಿನ ಮೇಲೆ ಇನ್ನೊಬ್ಬರ ಹಿಂದೆ ಕುಳಿತು ಘಾಟು ಇಳಿದದ್ದು ಅದೇ ಮೊದಲು. ಹಿಂದೆ ಕುಳಿತವನಿಗೆ ಲಿವರು ಕೈಗೆ ಸಿಗುವುದಿಲ್ಲ. ಓಡಿಸುವವರ ಭುಜ ನೋಡುತ್ತಾ ಇರಬೇಕು, ಅಷ್ಟೇ. ಮೊದಲ ತಿರುವಿನಲ್ಲಿ ಆಕೆಯ ಭುಜ ಗಟ್ಟಿಯಾಗಿ ಕಿವಿಯವರೆಗೆ ಏರಿತ್ತು. ಆಕೆ ಬಿದ್ದ ಜಾಗದಲ್ಲಿ ಕೆಮ್ಮಣ್ಣಿನಲ್ಲಿ ಇನ್ನೂ ಕುಳಿ ಇತ್ತು. ಅಲ್ಲಿ ಗಾಡಿ ನಿಲ್ಲಿಸಿದಳು, ಲಿವರನ್ನು ಎರಡು ಸಲ ಹಿಡಿದು ಬಿಟ್ಟಳು, ಮತ್ತೆ ಹೊರಟಳು. ಅದಾದ ಮೇಲಿನ ತಿರುವುಗಳಲ್ಲಿ ಭುಜ ಸ್ವಲ್ಪ ಸ್ವಲ್ಪವೇ ಕೆಳಗಿಳಿಯಿತು. ಎಷ್ಟು ತಿರುವು ಎಂದು ಎಣಿಸಿದ್ದೆ, ಈಗ ಆ ಸಂಖ್ಯೆ ನೆನಪಿಲ್ಲ.

ಕೆಳಗೆ ಸೇರಿದ ಮೇಲೆ ನಾನು ಇಳಿದು ಡಿಸ್ಕಿನ ಮೇಲೆ ಒಂದು ಹನಿ ನೀರು ಬಿಟ್ಟೆ. ಚುಂಯ್ ಎಂದು ಆರಿತು. ನೀಲಿ ಬಣ್ಣವಿರಲಿಲ್ಲ. ಲಿವರು ಹಿಡಿದು ನೋಡಿದೆ, ಮೇಲೆ ಇದ್ದಷ್ಟೇ ಗಟ್ಟಿ. ಏನೋ ಹೇಳಲು ಹೊರಟೆ. ಮತ್ತೊಮ್ಮೆ ತಪ್ಪಾಯಿತು ಎನ್ನಬೇಕೆಂದಿದ್ದೆನೋ, ಚೆನ್ನಾಗಿ ಓಡಿಸಿದೆ ಎನ್ನಬೇಕೆಂದಿದ್ದೆನೋ. ಆಕೆ ಗಡಿಯಾರ ನೋಡಿಕೊಂಡಳು.

"ಕಾಕಾ, ಮುಂದಿನ ಊರಾಗ ಮಂದಿ ದನ ಕಟ್ಟಿ ಕಾಯಾಕ ಹತ್ತಿರ್ತಾರ. ಬರ್ಫ ಕರಗತೈತಿ. ನೀವು ಬಸ್ಸಿಗಿ ಹೋಗ್ರಿ."

ಗೇರು ಹಾಕಿದಳು. ನಾನು ಮೈಲಿಗಲ್ಲಿನ ಪಕ್ಕ ನಿಂತು ನೋಡಿದೆ. ತಿರುವಿನಲ್ಲಿ ಹಿಂದಿನ ಕೆಂಪು ದೀಪ ಒಮ್ಮೆ ಹತ್ತಿತು, ಆರಿತು, ಗಾಡಿ ಮರಗಳ ಮರೆಗೆ ಹೋಯಿತು. ಆ ದಾರಿಗೆ ದಿನಕ್ಕೆ ಎರಡೇ ಬಸ್ಸು, ಬೆಳಗಿನದು ಹೋಗಿತ್ತು. ಮಧ್ಯಾಹ್ನದ ಬಸ್ಸು ಬರುವವರೆಗೆ ಅಲ್ಲೇ ಕುಳಿತೆ.